ಮಂಗಳ ಹಾಡದೆ ಎದ್ದ ಮೇಳ: ಕಲರ್ಸ್ ಸೂಪರ್ ಧಾರಾವಾಹಿಗಳು ನಿಂತ ಕಥೆ

ಯಕ್ಷಗಾನದ ಡೇರೆ ಮೇಳಗಳು ಟಿಕೆಟ್ ಇಟ್ಟು ಆಟ ಆಡುತ್ತಿದ್ದ ಕಾಲವನ್ನು ನಮ್ಮ ತಾಳಗುಪ್ಪ ಸೀಮೆಯ ಹಿರಿಯರು ಈಗಲೂ ನೆನೆಯುತ್ತಾರೆ. ಜನ ಬಾರದಿದ್ದರೆ ಯಜಮಾನನ ಕೈ ಸುಡುತ್ತಿತ್ತು. ಮುಂದಿನ ವರ್ಷ ಆ ಮೇಳ ಹೊರಡದೆಯೂ ಇರಬಹುದಿತ್ತು. ಆದರೂ ಶುರುವಾದ ಆಟ ಬೆಳಗಿನ ಜಾವ ಮಂಗಳ ಹಾಡಿಯೇ ಮುಗಿಯುತ್ತಿತ್ತು. 2020ರಲ್ಲಿ ನಮ್ಮ ಟಿವಿಯಲ್ಲಿ ಹಾಗಾಗಲಿಲ್ಲ. 'ಮಗಳು ಜಾನಕಿ' ಅರ್ಧಕ್ಕೇ ನಿಂತಿತು. ಅದು ಯಾಕೆ ನಿಂತಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಧಾರಾವಾಹಿಗೂ ನಮ್ಮ ಸೀಮೆಗೂ ಹಳೆಯ ನಂಟು. ದೂರದರ್ಶನಕ್ಕಾಗಿ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಮಾಡಿದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಅದರ ರೈಲು ನಿಲ್ದಾಣದ ದೃಶ್ಯಗಳನ್ನು ನಮ್ಮ ತಾಳಗುಪ್ಪ ರೈಲು ಮಾರ್ಗದ ಅರಸಾಳಿನಲ್ಲಿ ತೆಗೆದರು. ಆಗ ಟಿವಿಗೆ ತಿಂಗಳ ಬಾಡಿಗೆ ಇರಲಿಲ್ಲ. ಮಾಡಿನ ಮೇಲೆ ಆಂಟೆನಾ ಕಟ್ಟಿ, ಚಿತ್ರ ಬರುವವರೆಗೆ ತಿರುಗಿಸಿದರೆ ಆಯಿತು. 1998ರಲ್ಲಿ ಟಿ.ಎನ್. ಸೀತಾರಾಮ್ ತಂಡದ 'ಮಾಯಾಮೃಗ' ಬಂದದ್ದೂ ದೂರದರ್ಶನದಲ್ಲೇ.

ಅಷ್ಟರಲ್ಲಿ ಖಾಸಗಿಯವರು ಬಂದಾಗಿತ್ತು. 1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ. ಕೇಬಲ್ ಎಳೆಯದ ಒಂಟಿ ಮನೆಗಳಿಗೆ ಮುಂದೆ ಡಿಶ್ ಕೊಡೆ ಬಂತು. ಅದರ ಜೊತೆಗೆ ರೀಚಾರ್ಜೂ ಬಂತು. ಅಡಿಕೆ ಕೊಯ್ಲು ಮುಗಿಸಿ ಬಂದವರು, ದನ ಕಟ್ಟಿ ಬಂದವರು ಎಲ್ಲ ಸಂಜೆ ಟಿವಿ ಮುಂದೆ ಕೂರುವುದು ರೂಢಿಯಾಯಿತು.

2015ರಲ್ಲಿ ಎರಡು ಬದಲಾವಣೆಗಳಾದವು. ಈಟಿವಿ ಕನ್ನಡಕ್ಕೆ ಕಲರ್ಸ್ ಕನ್ನಡ ಎಂಬ ಹೆಸರು ಬಂತು. ಟಿವಿ ನೋಡುಗರನ್ನು ಲೆಕ್ಕ ಹಾಕುವ ಬಾರ್ಕ್ ಸಂಸ್ಥೆ ಆ ಅಕ್ಟೋಬರ್‌ನಿಂದ ಹಳ್ಳಿಗಳ ಅಂಕಿಯನ್ನೂ ಕೊಡತೊಡಗಿತು. ಅಲ್ಲಿಯವರೆಗೆ ಜಾಹೀರಾತಿನವರ ಲೆಕ್ಕದಲ್ಲಿ ಹಳ್ಳಿಗಳು ಇರಲೇ ಇಲ್ಲ. ಈಗಲೂ ಎಲ್ಲ ಮನೆಗಳೂ ಲೆಕ್ಕಕ್ಕಿಲ್ಲ. 2020ರ ಹೊತ್ತಿಗೆ ಇಡೀ ದೇಶದಲ್ಲಿ ಬಾರ್ಕ್ ಮೀಟರ್ ಇದ್ದದ್ದು ಸುಮಾರು 44 ಸಾವಿರ ಮನೆಗಳಲ್ಲಿ. ಟಿವಿ ಇದ್ದ ಮನೆಗಳು ಸುಮಾರು 20 ಕೋಟಿ.

2016ರ ಜುಲೈ 24ರಂದು ಅದೇ ಕಂಪನಿ ಎರಡನೇ ಮನರಂಜನಾ ಚಾನೆಲ್ ತೆರೆಯಿತು. ಅದೇ ಕಲರ್ಸ್ ಸೂಪರ್. ಇದೂ ದುಡ್ಡು ಕೊಟ್ಟು ನೋಡುವ ಚಾನೆಲ್. ಹೊಸ ಚಾನೆಲ್‌ಗೆ ಜನ ಸೇರಿಸಲು ಬಿಗ್ ಬಾಸ್‌ನ 5 ಮತ್ತು 6ನೇ ಆವೃತ್ತಿಗಳನ್ನು ಇಲ್ಲಿಗೆ ತಂದರು. ಕೃಷಿ ಓದಿದ ಶಶಿಕುಮಾರ್ 'ಮಾಡರ್ನ್ ರೈತ' ಎನಿಸಿಕೊಂಡು ಗೆದ್ದದ್ದು ಆ 6ನೇ ಆವೃತ್ತಿಯಲ್ಲಿ. 2018ರ ಜುಲೈನಲ್ಲಿ ಸೀತಾರಾಮ್ ಅವರ 'ಮಗಳು ಜಾನಕಿ' ಶುರುವಾಯಿತು. ಪೊಲೀಸ್ ಅಧಿಕಾರಿಯಾದ ಮಗಳು, ಕೋರ್ಟಿನಲ್ಲಿ ವಾದಿಸುವ ಸಿಎಸ್‌ಪಿ. ಅತ್ತೆ ಸೊಸೆ ಜಗಳ ಸಾಕೆನಿಸಿದವರಿಗೆ ಅದು ಬೇರೆಯದೇ ರುಚಿ.

2019ರ ಫೆಬ್ರುವರಿ 1ರಿಂದ ಟ್ರಾಯ್‌ನ ಹೊಸ ದರ ಪದ್ಧತಿ ಬಂತು. ಮೊದಲ 100 ಚಾನೆಲ್‌ಗಳ ಸಂಪರ್ಕಕ್ಕೇ 130 ರೂಪಾಯಿ ಮತ್ತು ಜಿಎಸ್‌ಟಿ. ಅದರ ಮೇಲೆ ಬೇಕಾದ ಪೇ ಚಾನೆಲ್‌ಗೆ ಬೇರೆ ದುಡ್ಡು. ಏನು ನೋಡಬೇಕು ಎನ್ನುವುದನ್ನು ಮನೆಯವರೇ ಕೂತು ಆರಿಸಬೇಕಾಯಿತು. ಇಂಥ ಹೊತ್ತಲ್ಲಿ ಎಲ್ಲರಿಗೂ ಗೊತ್ತಿರುವ ಅಣ್ಣ ಚಾನೆಲ್ ಉಳಿಯುತ್ತದೆ, ತಮ್ಮನದು ಕಷ್ಟ. ಅದೇ ವರ್ಷ ಬಿಗ್ ಬಾಸ್ 7ನೇ ಆವೃತ್ತಿ ಅಣ್ಣನ ಮನೆಗೇ ವಾಪಸ್ ಹೋಯಿತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಶೂಟಿಂಗ್ ನಿಂತಿತು, ಜಾಹೀರಾತು ಬಿದ್ದುಹೋಯಿತು. ಜನ ಮನೆಯಲ್ಲೇ ಇದ್ದರು, ಟಿವಿ ಹಿಂದಿಗಿಂತ ಹೆಚ್ಚು ಓಡುತ್ತಿತ್ತು. ಆದರೆ ಚಾನೆಲ್ ಬದುಕುವುದು ನೋಡುವವರಿಂದ ಮಾತ್ರವಲ್ಲ, ಆ ನೋಟಕ್ಕೆ ದುಡ್ಡು ಹಾಕುವವರಿಂದ. ಅದೇ ಮೇ ತಿಂಗಳಲ್ಲಿ ಸ್ಟಾರ್ ಸುವರ್ಣದಲ್ಲಿ ಕನ್ನಡಕ್ಕೆ ಡಬ್ ಆದ 'ಮಹಾಭಾರತ' ಬಂತು. ಹೊಸದಾಗಿ ಶೂಟಿಂಗ್ ಮಾಡದೆಯೂ ಹೊತ್ತು ತುಂಬಿಸಬಹುದು ಎಂದು ಎಲ್ಲರಿಗೂ ಗೊತ್ತಾಯಿತು. ಕಲರ್ಸ್ ಸೂಪರ್‌ನ ಧಾರಾವಾಹಿಗಳು ನಿಂತವು. 'ಮಗಳು ಜಾನಕಿ' ನಿಲ್ಲುವ ಸುದ್ದಿಯನ್ನು ಸೀತಾರಾಮ್ ಅವರೇ ನೋಡುಗರಿಗೆ ಹೇಳಿದರು.

ಚಾನೆಲ್‌ನ ಹೆಸರು ಪರದೆಯಿಂದ ಹೋಗಲಿಲ್ಲ. ಅಂಗಡಿಯ ಬೋರ್ಡು ಹಾಗೇ ಇತ್ತು, ಒಳಗೆ ಹೊಸ ಸಾಮಾನು ಬರುವುದು ನಿಂತಿತು. ಒಂದು ಧಾರಾವಾಹಿ ಎಂದರೆ ಹತ್ತಾರು ಮನೆಗಳ ಊಟ. ಬರೆಯುವವರು, ಲೈಟ್ ಹಿಡಿಯುವವರು, ಬಣ್ಣ ಹಚ್ಚುವವರು, ಅಡುಗೆಯವರು, ಗಾಡಿ ಓಡಿಸುವವರು. ಇವರಲ್ಲಿ ಹೆಚ್ಚಿನವರಿಗೆ ದಿನದ ಕೆಲಸ ಇದ್ದರೆ ಮಾತ್ರ ದಿನದ ಕೂಲಿ.

ಸೀತಾರಾಮ್ 2022ರಲ್ಲಿ 'ಮತ್ತೆ ಮಾಯಾಮೃಗ'ದೊಂದಿಗೆ ಸಿರಿ ಕನ್ನಡ ಚಾನೆಲ್‌ಗೆ ಬಂದರು. ಒಳ್ಳೆಯ ಕಥೆಗೆ ಇನ್ನೊಂದು ಜಾಗ ಸಿಕ್ಕಿತು ಎಂದು ನಾವು ಖುಷಿಪಟ್ಟೆವು. ಜಾನಕಿಯ ಕಥೆ ಮಾತ್ರ ಆಗ ನಿಂತಲ್ಲೇ ನಿಂತಿತ್ತು.

ನಷ್ಟದಲ್ಲಿ ಯಾರೂ ಅಂಗಡಿ ನಡೆಸಲಾರರು, ಅದು ನಮಗೂ ಗೊತ್ತು. ಅಡಿಕೆ ರೇಟು ಬಿದ್ದ ವರ್ಷ ನಾವೂ ಖರ್ಚು ಕಡಿಮೆ ಮಾಡಿದವರೇ. ಆದರೆ ಎರಡು ವರ್ಷ ದಿನಾ ಬಂದು ಕೂತವರಿಗೆ ಕಥೆ ಮುಗಿಸಿಕೊಡಲು ಒಂದು ವಾರ ಸಾಕಿತ್ತು. ಡೇರೆ ಮೇಳದ ಯಜಮಾನ ಸಾಲ ಮಾಡಿಯಾದರೂ ಆ ರಾತ್ರಿಯ ಆಟ ಮುಗಿಸುತ್ತಿದ್ದ. ಟಿಕೆಟ್ ಕೊಂಡು ಎದುರಿಗೆ ಕೂತವರ ಮುಖ ಅವನಿಗೆ ಕಾಣುತ್ತಿತ್ತು. ಮೀಟರ್ ಇಲ್ಲದ ನಮ್ಮ ಮನೆಗಳು ಯಾರಿಗೂ ಕಾಣುವುದಿಲ್ಲ.