ಸ್ನಿಗ್ಧ ಪದಾರ್ಥ ಮತ್ತು ಅದರ ಆವರಣ: ಕೊಬ್ಬರಿ ಸೀಮೆಯ ಒಂದು ನಿದರ್ಶನ

ಹುಳಿಯ ಪದಾರ್ಥವನ್ನು ಕಲಾಯಿಯಿಲ್ಲದ ತಾಮ್ರದ ಪಾತ್ರೆಯಲ್ಲಿ ಇಡಲಾಗದೆಂಬುದನ್ನು ನಮ್ಮ ಹಿರಿಯರು ರಸಾಯನಶಾಸ್ತ್ರದ ನೆರವಿಲ್ಲದೆಯೇ ಅರಿತಿದ್ದರು. ಪಾತ್ರೆಯ ಅಂಶವು ಪದಾರ್ಥಕ್ಕೆ ಇಳಿಯುತ್ತದೆಂಬ ತತ್ತ್ವವೇ ಈ ನಿಷೇಧದ ಆಧಾರ. ಆದರೆ ಹುಳಿಯ ಕಾರ್ಯವು ಕಿಲುಬಿನಿಂದಲೂ ರುಚಿಯಿಂದಲೂ ಪ್ರಕಟವಾಗುತ್ತದೆ; ಎಣ್ಣೆಯ ಕಾರ್ಯವಾದರೋ ಬಹುಮಟ್ಟಿಗೆ ಅಗೋಚರ. ಈ ಭೇದವು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗೆ ಎಷ್ಟು ಮುಖ್ಯವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಈ ಸೀಮೆಯ ಉಂಡೆ ಕೊಬ್ಬರಿಯು ಅಟ್ಟದ ಮೇಲೆ ಹಲವು ತಿಂಗಳು ತನ್ನ ಚಿಪ್ಪಿನೊಳಗೇ ಒಣಗಿ ಸಿದ್ಧವಾಗುತ್ತದೆ. ಆ ಅವಧಿಯಲ್ಲಿ ಅದಕ್ಕೆ ಪ್ರಕೃತಿಯೇ ಒದಗಿಸಿದ ಆವರಣವುಂಟು. ಚಿಪ್ಪು ಕಳೆದು ಚೀಲ ಸೇರಿದ ಮೇಲೆ ಸ್ಥಿತಿ ಬೇರೆಯಾಗುತ್ತದೆ. ಏಕೆಂದರೆ ಕೊಬ್ಬರಿಯಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಎಣ್ಣೆಯೇ. ಗೋಣಿಚೀಲವು ನಾರಿನದಾದ್ದರಿಂದ ನಿರ್ದೋಷವೆಂದು ಭಾವಿಸುವುದು ವಾಡಿಕೆ. ಆದರೆ ಸೆಣಬಿನ ಗಿರಣಿಗಳಲ್ಲಿ ನಾರನ್ನು ಮೃದುಗೊಳಿಸಲು ಖನಿಜ ತೈಲವನ್ನು ಬಳಸುತ್ತಿದ್ದರು. ಆ ತೈಲವು ಗೋಣಿಯಿಂದ ಆಹಾರಕ್ಕೆ ಸೇರುವುದನ್ನು ಸ್ವಿಟ್ಸರ್ಲೆಂಡಿನ ರಸಾಯನ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದರು. ಅನಂತರವೇ ಆಹಾರದ ಚೀಲಗಳಿಗೆಂದು ಪ್ರತ್ಯೇಕ ಮಾನಕ ರೂಪುಗೊಂಡಿತು.

ಪ್ಲಾಸ್ಟಿಕ್ಕಿನ ವಿಷಯದಲ್ಲಿ ಇದೇ ಪಾಠವನ್ನು ಮೊದಲು ಕಲಿಸಿದುದು ರಕ್ತ. ಬಾಸ್ಟನ್ನಿನ ಕಾರ್ಲ್ ವಾಲ್ಟರ್ 1950ರ ಸುಮಾರಿಗೆ ರೂಪಿಸಿದ ಚೀಲವು ಗಾಜಿನ ಸೀಸೆಯ ಸ್ಥಾನವನ್ನು ಕ್ರಮೇಣ ಆಕ್ರಮಿಸಿತು. ಬಿರುಸಾದ ಪಾಲಿವಿನೈಲ್ ಕ್ಲೋರೈಡನ್ನು ಮೆತ್ತಗಾಗಿಸಲು ಬೆರೆಸುವ ಥ್ಯಾಲೇಟ್ ಎಂಬ ದ್ರವವು ಅದರೊಡನೆ ರಾಸಾಯನಿಕವಾಗಿ ಬಂಧಿತವಾಗಿರುವುದಿಲ್ಲ. ಅದು ನೀರಿಗೆ ವಿಮುಖ, ಕೊಬ್ಬಿಗೆ ಅಭಿಮುಖ. ರಕ್ತದಲ್ಲಿಯೂ ಕೊಬ್ಬಿನ ಅಂಶವಿರುವುದರಿಂದ ಶೇಖರಿಸಿಟ್ಟ ರಕ್ತಕ್ಕೆ ಅದು ಇಳಿಯುತ್ತದೆಂದು ಜೇಗರ್ ಮತ್ತು ರೂಬಿನ್ ಎಂಬವರು 1970ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ತೋರಿಸಿಕೊಟ್ಟರು. ಅದೇ ಥ್ಯಾಲೇಟು ಕೆಂಪು ರಕ್ತಕಣಗಳನ್ನು ಬಾಳಿಕೆಯುಳ್ಳವನ್ನಾಗಿ ಮಾಡುತ್ತದೆಂಬುದೂ ಮುಂದೆ ತಿಳಿದುಬಂದುದರಿಂದ ಅದನ್ನು ಕೈಬಿಡುವುದು ಸುಲಭವಾಗಲಿಲ್ಲ.

ಇದರಿಂದ ಪ್ಲಾಸ್ಟಿಕ್ ಎಲ್ಲವೂ ವಿಷವೆಂಬ ನಿರ್ಣಯಕ್ಕೆ ಬರುವುದು ಯುಕ್ತವಲ್ಲ. ಕೊಬ್ಬರಿ ಎಣ್ಣೆಯ ಸೀಸೆಗೆ ಬಳಸುವ ಪಾಲಿಎಥಿಲೀನಿಗೆ ಸಾಮಾನ್ಯವಾಗಿ ಥ್ಯಾಲೇಟಿನ ಅಗತ್ಯವೇ ಇಲ್ಲ. ಒಂದೇ ಹೆಸರಿನಡಿ ಅನೇಕ ವಸ್ತುಗಳಿವೆ. ಶಾಖ, ಕಾಲ, ಕೊಬ್ಬು ಈ ಮೂರು ಸೇರಿ ವಲಸೆಯನ್ನು ಹೆಚ್ಚಿಸುತ್ತವೆ. ಆದಕಾರಣವೇ ಐಎಸ್ 9845 ಎಂಬ ಭಾರತೀಯ ಮಾನಕವು 1998ರ ಪರಿಷ್ಕರಣದಲ್ಲಿ ನೀರು, ಆಮ್ಲ, ಮದ್ಯಸಾರಗಳೊಡನೆ ಕೊಬ್ಬಿನ ಆಹಾರದ ಪ್ರತಿನಿಧಿಯಾಗಿ ಹೆಪ್ಟೇನನ್ನೂ ವಿಧಿಸಿದೆ. 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳು ಒಟ್ಟು ವಲಸೆಯ ಮಿತಿಯನ್ನು ಕಿಲೋಗ್ರಾಮಿಗೆ 60 ಮಿಲಿಗ್ರಾಮೆಂದು ಗೊತ್ತುಪಡಿಸಿವೆ. ಆದರೆ ಈ ಮೊತ್ತವು ವಲಸೆಯ ಪ್ರಮಾಣವನ್ನು ಹೇಳುವುದೇ ಹೊರತು ವಲಸೆ ಬಂದುದು ಯಾವ ವಸ್ತುವೆಂಬುದನ್ನಲ್ಲ.

ಆವರಣವನ್ನು ಅದರೊಳಗಿನ ಪದಾರ್ಥದಿಂದ ಬೇರ್ಪಡಿಸಿ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಹೇಳಲಾಗದು. ನೀರಿಗೆ ತಕ್ಕ ಚೀಲವು ಕೊಬ್ಬರಿಗೂ ತಕ್ಕುದೆಂದು ಪರೀಕ್ಷೆಯಿಲ್ಲದೆ ಒಪ್ಪುವುದು, ಕಲಾಯಿಯಿಲ್ಲದ ಪಾತ್ರೆಗೆ ಹುಳಿ ಸುರಿದಂತೆಯೇ ಸರಿ.