ನಿಲ್ದಾಣದೊಳಗೆ ಮಾಲ್ ಬಂದರೆ ಊರು ಉದ್ಧಾರವಾಗುತ್ತದೆಯೇ?

ಗಾಜಿನ ಗೋಡೆ, ಅಲೆಯಂಥ ಚಾವಣಿ, ಒಳಗೆ ಎಸ್ಕಲೇಟರ್, ಪಕ್ಕದಲ್ಲೇ ಮಾಲ್. 'ಏರ್‌ಪೋರ್ಟ್‌ಗಿಂತ ಕಮ್ಮಿಯಿಲ್ಲದ ರೈಲು ನಿಲ್ದಾಣ' ಎಂಬ ಒಕ್ಕಣೆಯ ಚಿತ್ರಗಳು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇಂಥವುಗಳಲ್ಲಿ ಎಷ್ಟೋ ಚಿತ್ರಗಳು ಕಟ್ಟಿ ಮುಗಿದ ನಿಲ್ದಾಣದ ಫೋಟೊಗಳಲ್ಲ, ಕಂಪ್ಯೂಟರಿನಲ್ಲಿ ತಯಾರಿಸಿದ ಯೋಜನಾ ಚಿತ್ರಗಳು. ಅದಿರಲಿ, ಅದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿದೆ: ನಿಲ್ದಾಣ ಚೆಂದವಾದರೆ ಊರಿಗೆ ಅನುಕೂಲವಾಯಿತು ಎಂದು ನಾವು ನಂಬಿಬಿಡುತ್ತೇವೆ. ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ನಗರದ ಕಥೆ ಬೇರೆಯೇ ಹೇಳುತ್ತದೆ.

ಮಾಲ್ ಬಂತು, ದಾರಿ ಹೋಯಿತು

ಯುಟ್ರೆಕ್ಟ್ ಆ ದೇಶದ ನಡುಮಧ್ಯದಲ್ಲಿದೆ. ನಾಲ್ಕೂ ದಿಕ್ಕಿನ ರೈಲುಗಳು ಕೂಡುವ ಇಲ್ಲಿನ ನಿಲ್ದಾಣ ಇಡೀ ದೇಶದಲ್ಲೇ ಅತಿ ಹೆಚ್ಚು ಜನಸಂದಣಿಯದು. 1973ರಲ್ಲಿ ನಿಲ್ದಾಣಕ್ಕೂ ಹಳೆಯ ಪೇಟೆಗೂ ನಡುವೆ ಭಾರಿ ಮಾಲ್ ಒಂದು ತೆರೆಯಿತು. ಆಗ ಅದನ್ನು ಆಧುನಿಕತೆಯ ಗುರುತು ಎಂದೇ ಕೊಂಡಾಡಿದರು. ಅದೇ ಕಾಲದಲ್ಲಿ ಹಳೆಯ ಊರನ್ನು ಸುತ್ತುವರಿದಿದ್ದ ಶತಮಾನಗಳ ಹಿಂದಿನ ಕಾಲುವೆಯ ಒಂದು ಭಾಗವನ್ನು ಬತ್ತಿಸಿ, ಕಾರುಗಳಿಗೆ ಅಗಲವಾದ ರಸ್ತೆ ಮಾಡಿದರು.

ಪರಿಣಾಮ? ರೈಲಿನಿಂದ ಇಳಿದವರಿಗೆ ಊರೇ ಕಾಣದು. ಅಂಗಡಿಗಳ ನಡುವೆ ಸುತ್ತಿ ಸುತ್ತಿ ಹೊರಬರಬೇಕು. ಮಾಲ್‌ನ ಕೆಲವು ಮೂಲೆಗಳು ಮಾದಕವ್ಯಸನಿಗಳ ತಾಣ ಎಂಬ ಕುಖ್ಯಾತಿಯನ್ನೂ ಪಡೆದವು.

ಸರಿಪಡಿಸಿದ್ದು ಹೇಗೆ?

2002ರಲ್ಲಿ ನಗರದ ಜನರೇ ಮತ ಹಾಕಿ ಮುಂದಿನ ಯೋಜನೆಯನ್ನು ಆರಿಸಿದರು. ಕೆಲಸ ವರ್ಷಗಟ್ಟಲೆ ನಡೆಯಿತು.

• ಮಾಲ್ ಮತ್ತು ನಿಲ್ದಾಣ ಬೇರೆಯಾದವು. ನಡುವೆ ತೆರೆದ ಚೌಕ ಬಂತು. ನಿಲ್ದಾಣಕ್ಕೆ ತನ್ನದೇ ಮುಖ ಸಿಕ್ಕಿತು.
• 2016ರಲ್ಲಿ ಹೊಸ ಹಾಲ್ ಉದ್ಘಾಟನೆಯಾಯಿತು. ಹಳಿಗಳ ಮೇಲೆ ನಿಂತಿರುವ ಇದರ ಮೂಲಕ ಟಿಕೆಟ್ ಇಲ್ಲದವರೂ ಊರಿನ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ದಾಟಬಹುದು.
• ಚೌಕದ ಕೆಳಗೆ ಮೂರು ಅಂತಸ್ತಿನ ಸೈಕಲ್ ತಂಗುದಾಣ ಬಂತು. 2019ರಲ್ಲಿ ಪೂರ್ಣಗೊಂಡಾಗ ಸುಮಾರು 12,500 ಸೈಕಲ್‌ಗಳಿಗೆ ಜಾಗವಿದ್ದ ಇದು ವಿಶ್ವದಲ್ಲೇ ಅತಿ ದೊಡ್ಡದು ಎನಿಸಿತು. ಸೈಕಲ್ ತುಳಿಯುತ್ತಲೇ ಒಳಗೆ ಹೋಗಬಹುದು, ಮೊದಲ 24 ಗಂಟೆ ಉಚಿತ.
• 2020ರ ಸೆಪ್ಟೆಂಬರ್‌ನಲ್ಲಿ ಕಾರು ರಸ್ತೆ ಇದ್ದ ಜಾಗಕ್ಕೆ ಕಾಲುವೆಯ ನೀರು ಮರಳಿತು.

ಗಮನಿಸಿ, ಮಾಲ್ ಈಗಲೂ ಅಲ್ಲೇ ಇದೆ. ಅಂಗಡಿ ಇರುವುದು ತಪ್ಪಲ್ಲ. ಅಂಗಡಿಯೇ ದಾರಿಗೆ ಅಡ್ಡ ನಿಲ್ಲುವುದು ತಪ್ಪು.

ನಮಗೇಕೆ ಈ ಕಥೆ?

2023ರ ಆಗಸ್ಟ್‌ನಲ್ಲಿ ಅಮೃತ ಭಾರತ ನಿಲ್ದಾಣ ಯೋಜನೆಯಡಿ ದೇಶದ 508 ನಿಲ್ದಾಣಗಳ ಕೆಲಸಕ್ಕೆ ಶಂಕುಸ್ಥಾಪನೆಯಾಯಿತು. ಕರ್ನಾಟಕದ ನಿಲ್ದಾಣಗಳೂ ಅದರಲ್ಲಿವೆ. ಹಳಿಯ ಎರಡೂ ಬದಿಯ ಊರನ್ನು ಬೆಸೆಯುವುದು ಈ ಯೋಜನೆಯ ಘೋಷಿತ ಗುರಿಗಳಲ್ಲೊಂದು. 2022ರ ಜೂನ್‌ನಲ್ಲಿ ರೈಲು ಸಂಚಾರ ಶುರುವಾದ ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ನೆನಪಿಸಿಕೊಳ್ಳಿ. ಹವಾನಿಯಂತ್ರಿತ ಕಟ್ಟಡವನ್ನು ಎಲ್ಲರೂ ಹೊಗಳಿದರು. ಆದರೆ ಅಲ್ಲಿಗೆ ತಲುಪುವುದೇ ಕಷ್ಟ ಎಂಬ ದೂರು ಬೆನ್ನಲ್ಲೇ ಕೇಳಿಬಂತು.

ಆದ್ದರಿಂದ ಮುಂದಿನ ಸಲ ಹೊಳೆಯುವ ನಿಲ್ದಾಣದ ಚಿತ್ರ ಬಂದಾಗ, ಮುಂದಕ್ಕೆ ಕಳಿಸುವ ಮೊದಲು ಈ ನಾಲ್ಕು ಪ್ರಶ್ನೆ ಕೇಳೋಣ:

1. ಇದು ಫೋಟೊವೋ, ಯೋಜನಾ ಚಿತ್ರವೋ?
2. ಬಸ್ಸಿನಿಂದ ಇಳಿದವರು ಎಷ್ಟು ದೂರ ನಡೆಯಬೇಕು?
3. ಹಳಿಯ ಆಚೆಬದಿಯವರಿಗೂ ಬಾಗಿಲಿದೆಯೇ?
4. ಮಂಡಿನೋವಿನ ಅಜ್ಜಿ, ಪೆಟ್ಟಿಗೆ ಹೊತ್ತ ಅಮ್ಮ, ಗಾಲಿಕುರ್ಚಿಯಲ್ಲಿರುವವರು ಯಾರ ಸಹಾಯವೂ ಇಲ್ಲದೆ ಪ್ಲಾಟ್‌ಫಾರ್ಮ್ ಮುಟ್ಟಬಹುದೇ?

ಈ ನಾಲ್ಕಕ್ಕೂ ಉತ್ತರ ಸಿಕ್ಕರೆ ಧಾರಾಳವಾಗಿ ಹಂಚಿಕೊಳ್ಳಿ. ಸಿಗದಿದ್ದರೆ ಚಿತ್ರದ ಬದಲು ಪ್ರಶ್ನೆಗಳನ್ನೇ ಹಂಚಿಕೊಳ್ಳಿ. ಕಟ್ಟಿದ ಮೇಲೆ ಒಡೆದು ಸರಿಪಡಿಸಲು ಯುಟ್ರೆಕ್ಟ್‌ಗೆ ಹಿಡಿದದ್ದು ದಶಕಗಳು. ನಕ್ಷೆಯ ಹಂತದಲ್ಲೇ ಕೇಳಿದರೆ ಖರ್ಚೇನೂ ಇಲ್ಲ.