ಚಂದ್ರನ ಫೋಟೋ ಬಿಳಿ ಚುಕ್ಕೆಯಾಗುವುದೇಕೆ? ಚೆನ್ನಾಗಿ ತೆಗೆಯುವುದು ಹೇಗೆ?

ಹುಣ್ಣಿಮೆ ಬಂತೆಂದರೆ ವಾಟ್ಸಾಪ್ ತುಂಬ ಚಂದ್ರನ ಫೋಟೋಗಳು. ಗೋಪುರದ ಹಿಂದೆ ಬೃಹತ್ ಚಂದ್ರನಿರುವ ಚಿತ್ರ ಕಂಡರೆ ಕೆಲವರು ‘ಅದ್ಭುತ’ ಎನ್ನುತ್ತಾರೆ, ಕೆಲವರು ‘ಫೋಟೋಶಾಪ್’ ಎಂದು ತಳ್ಳಿಹಾಕುತ್ತಾರೆ. ಅಂಥ ಫೋಟೋ ನಿಜವಾಗಿಯೂ ತೆಗೆಯಬಹುದು. ಹಾಗಾದರೆ ನಮ್ಮ ಫೋನಿನಲ್ಲಿ ಅದೇ ಚಂದ್ರ ಚುಕ್ಕೆಯಾಗುವುದೇಕೆ?

ಚಂದ್ರ ಕಾಣುವುದು ಎಷ್ಟು ದೊಡ್ಡದಾಗಿ?

ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ. ಕೈ ಚಾಚಿ ಕಿರುಬೆರಳು ಅಡ್ಡ ಹಿಡಿದರೆ ಪೂರ್ತಿ ಮರೆಯಾಗುತ್ತಾನೆ. ಹುಟ್ಟುವಾಗ ದೊಡ್ಡದಾಗಿ ಕಾಣುವುದು ಮಿದುಳಿನ ಭ್ರಮೆ. ಆಗಲೂ ಬೆರಳು ಹಿಡಿದು ನೋಡಿ. ಫೋನಿನ ಮುಖ್ಯ ಕ್ಯಾಮೆರಾ ತುಂಬಾ ಅಗಲವಾದ ನೋಟವನ್ನು ಸೆರೆಹಿಡಿಯುವುದರಿಂದ ಅದರಲ್ಲಿ ಚಂದ್ರ ಚುಕ್ಕೆಯಾಗುತ್ತಾನೆ.

ಗುಟ್ಟು ಇರುವುದು ದೂರದಲ್ಲಿ

ವಿಜಯಪುರದ ಗೋಲಗುಮ್ಮಟವನ್ನೇ ನೋಡೋಣ. ಅದರ ಗುಮ್ಮಟದ ಹೊರ ಅಗಲ ಸುಮಾರು 44 ಮೀಟರ್. ಹತ್ತಿರ ನಿಂತರೆ ಅದರ ಮುಂದೆ ಚಂದ್ರ ಗೋಲಿಯಷ್ಟು. 5 ಕಿ.ಮೀ. ಹಿಂದೆ ಸರಿದರೆ ಗುಮ್ಮಟ ಕಾಣುವುದು ಅರ್ಧ ಡಿಗ್ರಿಯಷ್ಟೇ. ಚಂದ್ರ ಸರಾಸರಿ 3,84,400 ಕಿ.ಮೀ. ದೂರದಲ್ಲಿರುವುದರಿಂದ ಅವನ ಗಾತ್ರ ಬದಲಾಗದು. ಈಗ ಎರಡೂ ಸಮಸಮ! ಅಲ್ಲಿಂದ ಜೂಮ್ ಮಾಡಿದರೆ ಬೃಹತ್ ಚಂದ್ರನ ಫೋಟೋ ಸಿಗುತ್ತದೆ. ಸ್ನೇಹಿತರನ್ನು 200 ಮೀಟರ್ ದೂರದ ದಿಬ್ಬದ ಮೇಲೆ ನಿಲ್ಲಿಸಿದರೂ ಸಾಕು, ಚಂದ್ರ ಆಳೆತ್ತರ ಕಾಣುತ್ತಾನೆ. ಫೋನಿನಲ್ಲಿ ಒಳ್ಳೆಯ ಜೂಮ್ ಇಲ್ಲದಿದ್ದರೆ ಬೈನಾಕ್ಯುಲರ್‌ಗೆ ಕ್ಯಾಮೆರಾ ಹಿಡಿದು ಪ್ರಯತ್ನಿಸಿ.

ಬೆಳಕು ಮತ್ತು ತಿಥಿ

• ಚಂದ್ರನ ಮೇಲಿರುವುದು ಹಗಲಿನ ಬಿಸಿಲು. ಕತ್ತಲ ಆಕಾಶ ನೋಡಿ ಫೋನ್ ಬೆಳಕು ಹೆಚ್ಚಿಸುವುದರಿಂದ ಕಲೆಗಳು ಅಳಿಸಿಹೋಗುತ್ತವೆ. ಪರದೆಯಲ್ಲಿ ಚಂದ್ರನನ್ನು ಮುಟ್ಟಿ, ಬ್ರೈಟ್‌ನೆಸ್ ಕೆಳಗಿಳಿಸಿ. ನೈಟ್ ಮೋಡ್ ಬೇಡ.
• ಹುಣ್ಣಿಮೆಯಂದು ಬಿಸಿಲು ನೇರ ಬೀಳುವುದರಿಂದ ನೆರಳಿಲ್ಲ, ಚಂದ್ರ ಚಪ್ಪಟೆ ಕಾಣುತ್ತಾನೆ. ಕುಳಿಗಳು ಎದ್ದು ಕಾಣಬೇಕಾದರೆ ಅಷ್ಟಮಿಯ ಆಸುಪಾಸು ಒಳ್ಳೆಯದು.
• ಊರು, ಗುಡ್ಡ ಜೊತೆಗೆ ಬೇಕೇ? ಹುಣ್ಣಿಮೆಯ ಹಿಂದಿನ ಸಂಜೆ ಪೂರ್ವಕ್ಕೆ ನೋಡಿ. ಸೂರ್ಯ ಮುಳುಗುವ ಮೊದಲೇ ಚಂದ್ರ ಹುಟ್ಟಿರುತ್ತಾನೆ, ನೆಲದ ಮೇಲೂ ಬೆಳಕಿರುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಧ್ರುವ ಪ್ರದೇಶದಲ್ಲಿ ಚಂದ್ರ ಆಕಾಶ ತುಂಬ ಕಾಣಿಸಿ ಅರ್ಧ ನಿಮಿಷದಲ್ಲಿ ಮಾಯವಾಗುತ್ತಾನೆ ಎಂಬ ವಿಡಿಯೋ 2021ರಲ್ಲಿ ಹರಿದಾಡಿತ್ತು. ಅದು ಕಂಪ್ಯೂಟರ್‌ನಲ್ಲಿ ಮಾಡಿದ್ದು. ಭೂಮಿಯ ಯಾವ ಮೂಲೆಯಲ್ಲಿ ನಿಂತರೂ ಚಂದ್ರ ಅರ್ಧ ಡಿಗ್ರಿಯೇ. ಚಂದ್ರನ ಮುಂದೆ ಮೋಡದ ಬದಲು ಹಿಂದೆ ಮೋಡ ಕಂಡರೆ, ಬಾಲಚಂದ್ರನ ಕಪ್ಪು ಭಾಗದೊಳಗೆ ನಕ್ಷತ್ರ ಹೊಳೆದರೆ ಅದೂ ಜೋಡಿಸಿದ ಚಿತ್ರವೇ. ಆದರೆ ಚಂದ್ರ ದೊಡ್ಡದಾಗಿದ್ದಾನೆ ಎಂಬ ಒಂದೇ ಕಾರಣಕ್ಕೆ ಸುಳ್ಳೆನ್ನಬೇಡಿ. ತೆಗೆದವರು ಎಷ್ಟು ದೂರ ನಿಂತಿದ್ದರು ಎಂದು ಕೇಳಿ.